ಚೆಕ್ಕಣ್ಣನ ಎರಡು ಬೆರಳು

ಬೆಳಗಾಗೆದ್ದು ಹಾಲು ಕೆಟ್ಟಿದೆಯೇ ಎಂದು ಚೆಕ್ ಮಾಡುತ್ತೇವೆ, ಮನೆ ಬಿಡುವಾಗ ಬೀಗ ಚೆಕ್ ಮಾಡುತ್ತೇವೆ, ಬೀದಿಯ ತಿರುವಿನವರೆಗೂ ಹೋಗಿ ಮನಸ್ಸು ತಡೆಯದೆ ವಾಪಸು ಬಂದು ಅದೇ ಬೀಗವನ್ನು ಜಗ್ಗಿ ಇನ್ನೊಮ್ಮೆ ಚೆಕ್ ಮಾಡುತ್ತೇವೆ. ನೋಡು, ಪರೀಕ್ಷಿಸು, ತಪಾಸಣೆ ಮಾಡು ಎಂದು ನಮ್ಮಲ್ಲಿ ಮಾತಿಗೇನು ಬರವೇ? ಇಲ್ಲ. ಆದರೂ ಈ ಇಂಗ್ಲಿಷ್ ಕ್ರಿಯಾಪದ ಅದು ಯಾವಾಗ ಬಾಗಿಲು ತಟ್ಟಿತೋ, ಯಾರು ಒಳಗೆ ಕರೆದರೋ, ಅಡುಗೆಮನೆಯವರೆಗೂ ಬಂದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದೆ. ಆ ಒಂದು ಮಾತನ್ನೇ ನಂಬಿ ಹೊಟ್ಟೆ ಹೊರೆದುಕೊಂಡ ಮನುಷ್ಯನ ಕಥೆ ಇದು. ಹೆತ್ತವರು ಇಟ್ಟ ಹೆಸರು ಅವನಿಗೂ ಇತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಯಾರ್ಡಿನಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ಕಡೆಯವರ ಬಾಯಲ್ಲೂ ಅವನು ಚೆಕ್ಕಣ್ಣ.

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರು ನಿಂತು ಕೆಲಸ ಮಾಡುವ ಉದ್ದನೆಯ ಕಬ್ಬಿಣದ ಪಂಜರವನ್ನು ನೀವು ನೋಡಿರುತ್ತೀರಿ. ತಾರಸಿಯಿಂದ ಎರಡು ತಂತಿ ಹಗ್ಗ ಇಳಿಬಿಟ್ಟು, ಪಂಜರದ ಎರಡು ತುದಿಗೆ ಎರಡು ಮೋಟರು ಕೂರಿಸಿ, ಅದರಲ್ಲಿ ಏರುತ್ತಾ ಇಳಿಯುತ್ತಾ ಇರುತ್ತಾರೆ. ಕೆಲಸದವರು ಅದಕ್ಕೆ ತೊಟ್ಟಿಲು ಎನ್ನುತ್ತಾರೆ. ಹೆಸರೇನೋ ಮುದ್ದಾಗಿದೆ. ಒಂದು ಹಗ್ಗ ಕೈಕೊಟ್ಟರೆ ಸಾಕು, ತೊಟ್ಟಿಲು ಒಂದು ಕಡೆಗೆ ವಾಲಿ ಒಳಗಿದ್ದವರನ್ನು ಮೊರದಿಂದ ಕಾಳು ಸುರಿದ ಹಾಗೆ ಸುರಿದುಬಿಡುತ್ತದೆ. ಸೊಂಟದ ಬೆಲ್ಟನ್ನು ಬೇರೆಯೇ ಒಂದು ಹಗ್ಗಕ್ಕೆ ಸಿಕ್ಕಿಸಿಕೊಳ್ಳಬೇಕು ಎಂಬುದು ನಿಯಮ. ಆ ಹಗ್ಗ ಓಡಾಟಕ್ಕೆ ಅಡ್ಡ ಬರುತ್ತದೆಂದು ತೊಟ್ಟಿಲಿನ ಕಂಬಿಗೇ ಸಿಕ್ಕಿಸಿಕೊಳ್ಳುವುದು ರೂಢಿ. ಯಾಕಪ್ಪಾ ಹೀಗೆ ಎಂದು ಕೇಳಿದರೆ ನಗುತ್ತಾರೆ.

ಇಂಥ ತೊಟ್ಟಿಲು, ಹಗ್ಗಗಳನ್ನು ಬಾಡಿಗೆಗೆ ಕೊಡುವ ಯಾರ್ಡಿನಲ್ಲಿ ಚೆಕ್ಕಣ್ಣನ ಕೆಲಸ. ಹೊರಗೆ ದುಡಿದು ವಾಪಸು ಬಂದ ಪ್ರತಿ ಹಗ್ಗವೂ ಅವನ ಕೈಯಲ್ಲಿ ಹಾಯ್ದು ಹೋಗಬೇಕು. ಶೆಡ್ಡಿನ ಆ ತುದಿಯ ರಾಟೆಯಿಂದ ಈ ತುದಿಯ ರಾಟೆಗೆ ಹಗ್ಗ ನಿಧಾನಕ್ಕೆ ಸುತ್ತುತ್ತಿರುತ್ತದೆ. ನಡುವೆ ಮಣೆಯ ಮೇಲೆ ಕೂತ ಚೆಕ್ಕಣ್ಣ ಹಳೆಯ ಬನಿಯನ್ ಬಟ್ಟೆಯ ತುಂಡನ್ನು ಅದಕ್ಕೆ ಸುತ್ತಿ, ಬಲಗೈಯ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದಿರುತ್ತಾನೆ. ಹಗ್ಗದಲ್ಲಿ ಮುರಿದ ತಂತಿ ಕೂದಲಿಗಿಂತ ತುಸು ದಪ್ಪ, ಗ್ರೀಸಿನ ಕೆಳಗೆ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬಟ್ಟೆಗೆ ಮಾತ್ರ ಒಂದು ಕ್ಷಣ ಸಿಕ್ಕಿಕೊಂಡು, ಎಳೆ ಹರಿದುಕೊಂಡು, ಮುಂದೆ ಹೋಗಿಬಿಡುತ್ತದೆ. ಆ ಸಣ್ಣ ಸೆಳೆತವನ್ನು ಬೆರಳು ಹಿಡಿಯಬೇಕು. ಚೆಕ್ಕಣ್ಣನ ಬೆರಳು ಹಿಡಿಯುತ್ತಿತ್ತು. "ನಿಲ್ಸು!" ಎಂದನೆಂದರೆ ರಾಟೆ ನಿಲ್ಲುತ್ತಿತ್ತು, ಅಲ್ಲಿ ಬ್ರಷ್ಷಿನಿಂದ ಉಜ್ಜಿದರೆ ಮುರಿದ ತಂತಿ ಮುಳ್ಳಿನ ಹಾಗೆ ಎದ್ದು ನಿಂತಿರುತ್ತಿತ್ತು. ಪೂರಾ ಹಗ್ಗ ಸರಿಯಿದ್ದರೆ "ಚೆಕ್!" ಎಂದು ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿ, ಹಗ್ಗದ ತುದಿಯಲ್ಲಿ ತೂಗುವ ತಗಡಿನ ಬಿಲ್ಲೆಗೆ ಬಿಳಿ ಬಣ್ಣದ ಒಂದು ರೈಟ್ ಗುರುತು ಹಾಕುತ್ತಿದ್ದ. ಹೆಸರು ಬಂದದ್ದು ಆ ಕೂಗಿನಿಂದಲೇ.

ಅವನಾದ ಮೇಲೆ ಅದೇ ಹಗ್ಗವನ್ನು ಪಕ್ಕದ ಶೆಡ್ಡಿನಲ್ಲಿ ಮೀಸೆ ಇನ್ನೊಮ್ಮೆ ಚೆಕ್ ಮಾಡಿ ನೀಲಿ ರೈಟ್ ಹಾಕಬೇಕು. ಮೀಸೆ ಎಂದರೆ ಚೆಕ್ಕಣ್ಣನ ಓರಗೆಯವನೇ, ಬಾಗಿಲಲ್ಲಿ ಮುಖಕ್ಕಿಂತ ಮೊದಲು ಮೀಸೆ ಒಳಗೆ ಬರುವಂಥ ಆಸಾಮಿ, ಬಾಯಿ ತೆರೆದರೆ ತಮಾಷೆ. ಎರಡು ರೈಟ್ ಇಲ್ಲದ ಹಗ್ಗ ಗೇಟು ದಾಟಬಾರದು. ಒಬ್ಬನಿಗೆ ತಪ್ಪಿದ್ದನ್ನು ಇನ್ನೊಬ್ಬ ಹಿಡಿಯಲಿ ಎಂದು ಯಾರ್ಡಿನ ಯಜಮಾನರು ಮಾಡಿದ ಏರ್ಪಾಡು. ಏರ್ಪಾಡಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನಡೆಸಬೇಕಾದವರು ಮನುಷ್ಯರು, ಅದೇ ತೊಂದರೆ.

ಚೆಕ್ಕಣ್ಣನಿಗೆ ಮಕ್ಕಳಿಲ್ಲ. ಇಲ್ಲ ಎಂದರೆ ಅವನ ಹೆಂಡತಿ ಒಪ್ಪುವುದಿಲ್ಲ. "ಚಿಕ್ಕೋನು ಇದಾನಲ್ಲ" ಎನ್ನುತ್ತಾಳೆ. ಚಿಕ್ಕೋನು ಅವಳ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ತೆವಳುವ ಕೂಸು. ಮದುವೆಯಾಗಿ ಬರುವಾಗ ಅವಳು ಸೊಂಟದ ಮೇಲೆ ಅವನನ್ನೂ ಎತ್ತಿಕೊಂಡೇ ಬಂದಳು. ಈಗ ಆಳೆತ್ತರ ಬೆಳೆದು, ಹೊಸ್ತಿಲಲ್ಲಿ ತಲೆ ಬಗ್ಗಿಸುವ ಹಾಗಾದರೂ ಅವನು ಚಿಕ್ಕೋನೇ. ಏನೇನೋ ಕೆಲಸ ಹಿಡಿದು, ಒಂದರಲ್ಲೂ ಕಾಲೂರದೆ, ಕೊನೆಗೆ ಒಂದು ದಿನ ಬಣ್ಣದ ಕೆಲಸಕ್ಕೆ ತೊಟ್ಟಿಲು ಹತ್ತುತ್ತೇನೆ ಎಂದು ಮನೆಗೆ ಬಂದು ಹೇಳಿದಾಗ ಅಕ್ಕ ಹಿಡಿದಿದ್ದ ಸೌಟನ್ನು ಹಾಗೇ ಕೆಳಗಿಟ್ಟಳು.

"ಹಗ್ಗದ ಮೇಲೆ ಜೀವ ಇಟ್ಕೊಂಡು ಮಾಡೋ ಕೆಲಸ ನಮ್ಮನೆಗೆ ಬೇಡ" ಎಂದಳು.

"ಅಕ್ಕಾ, ಆ ಹಗ್ಗ ಚೆಕ್ ಮಾಡೋರು ಯಾರು? ಭಾವ! ಭಾವನ ಕೈಯಿಂದ ಪಾಸಾದ ಹಗ್ಗಕ್ಕೆ ಆನೆ ಕಟ್ಟಿದ್ರೂ ನಿಲ್ಲುತ್ತೆ."

ಅವಳು ಗಂಡನ ಮುಖ ನೋಡಿದಳು. ಎಷ್ಟೋ ವರ್ಷದ ಸಂಸಾರದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. "ರೀ, ನೀವೇ ಹೇಳಿ. ನೀವು ಹೂಂ ಅಂದ್ರೆ ನಾನು ಅಡ್ಡ ಬರಲ್ಲ. ಆದ್ರೆ ಅವನಿಗೆ ಏನಾದ್ರೂ ಆದ್ರೆ ನಾನು ಕೇಳೋದು ಅವನನ್ನಲ್ಲ, ಹಗ್ಗಾನೂ ಅಲ್ಲ. ನಿಮ್ಮನ್ನ."

ಚೆಕ್ಕಣ್ಣ ಹೂಂ ಅಂದ. ಎದೆ ಸ್ವಲ್ಪ ಉಬ್ಬಿತ್ತು ಎಂದೂ ಹೇಳಿಬಿಡೋಣ, ಮುಚ್ಚಿಟ್ಟು ಏನು ಮಾಡುವುದು?

ಅವನ ಮನೆಯ ಮೇಲಿನ ಮಹಡಿಯಲ್ಲಿ ನಿವೃತ್ತರಾದ ಇಂಗ್ಲಿಷ್ ಮೇಷ್ಟ್ರು ಒಬ್ಬರಿದ್ದರು. ಸಂಜೆ ಮೆಟ್ಟಿಲ ಕಟ್ಟೆಯ ಮೇಲೆ ಚೆಸ್ ಹಲಗೆ ಹರಡಿ, ಯಾರಾದರೂ ಬಂದಾರೇ ಎಂದು ಕಾಯುತ್ತಿದ್ದರು. ಬರುತ್ತಿದ್ದವನು ಚೆಕ್ಕಣ್ಣ ಒಬ್ಬನೇ. ಮೇಷ್ಟ್ರಿಗೆ ಆಟಕ್ಕಿಂತ ಮಾತು ಹೆಚ್ಚು. ಒಂದು ಇಂಗ್ಲಿಷ್ ಮಾತು ಸಿಕ್ಕರೆ ಸಾಕು, ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ಊರಿಂದ ಗಂಟುಮೂಟೆ ಕಟ್ಟಿಕೊಂಡು ಬಂತು ಎಂದು ವಂಶಾವಳಿ ಬಿಚ್ಚುತ್ತಿದ್ದರು. ಒಂದು ಸಂಜೆ ಅವರ ಆನೆ ಚೆಕ್ಕಣ್ಣನ ರಾಜನಿಗೆ ನೇರವಾಗಿ ಬಂದು ನಿಂತಿತು. "ಚೆಕ್" ಎಂದರು ಮೇಷ್ಟ್ರು. ಆಮೇಲೆ ತಮಗೇ ನಗು ಬಂದು, "ಅಲ್ಲಯ್ಯಾ, ದಿನಾ ಈ ಮಾತು ಕೂಗಿ ಸಂಬಳ ತಗೋತೀಯ. ಇದು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದೀಯಾ?" ಎಂದು ಕೇಳಿದರು.

"ಎಲ್ಲಿಂದ ಬಂದ್ರೆ ನನಗೇನು ಮೇಷ್ಟ್ರೇ? ಚೆಕ್ ಅಂದ್ರೆ ನೋಡೋದು. ಸರಿಯಿದೆಯಾ ಇಲ್ವಾ ಅಂತ ನೋಡೋದು."

"ಅದು ಕೊನೆಕೊನೆಗೆ ಬಂದ ಅರ್ಥ ಕಣಪ್ಪಾ. ಹುಟ್ಟಿದಾಗ ಅದು ಕ್ರಿಯಾಪದವೇ ಅಲ್ಲ. ಒಂದು ಕೂಗು. ಪರ್ಷಿಯಾದವರ ಭಾಷೆಯಲ್ಲಿ ಶಾಹ್ ಅಂದ್ರೆ ರಾಜ. ಆಡುವಾಗ ಎದುರಿನವನ ರಾಜನ ಮೇಲೆ ಏರಿ ಹೋದ್ರೆ, 'ಶಾಹ್!' ಅಂತ ಕೂಗಬೇಕು. ನಿನ್ನ ರಾಜನ ಪ್ರಾಣಕ್ಕೆ ಬಂತು, ನೋಡ್ಕೋ ಅಂತ. ಆ ಕೂಗು ಅರಬರ ಬಾಯಿಗೆ ಬಿತ್ತು, ಅಲ್ಲಿಂದ ಫ್ರಾನ್ಸಿನವರ ಬಾಯಿಗೆ ಬಿತ್ತು, ಸವೆದು ಸವೆದು ಇಂಗ್ಲಿಷಿಗೆ ಬರೋ ಹೊತ್ತಿಗೆ ಚೆಕ್ ಆಯ್ತು."

"ಅಯ್ಯೋ ರಾಮ! ಹಾಗಾದ್ರೆ ನಾನು ದಿನಾ 'ರಾಜಾ ರಾಜಾ' ಅಂತ ಕೂಗ್ತಾ ಇದೀನಾ?"

"ಅಷ್ಟೇ ಅಲ್ಲ. ನೀನು ಹಾಕ್ಕೊಂಡಿರೋ ಚೆಕ್ಸ್ ಶರಟು ಇದೆಯಲ್ಲ, ಅದೂ ಈ ಹಲಗೆಯ ಮನೆಗಳಿಂದ ಬಂದ ಹೆಸರೇ. ಬ್ಯಾಂಕಿನ ಚೆಕ್ಕೂ ಇದರ ದಾಯಾದಿಯೇ. ರಾಜನಿಗೆ ಕೂಗು ಬಿದ್ದ ಕೂಡ್ಲೆ ಬೇರೆ ಎಲ್ಲ ಆಟ ನಿಲ್ಲಬೇಕು ನೋಡು, ಅದಕ್ಕೇ ಚೆಕ್ ಅಂದ್ರೆ ತಡೆಯೋದು ಅಂತ ಆಯ್ತು. ತಡೆದು ನಿಲ್ಲಿಸಿದ ಮೇಲೆ ತಾನೇ ನೋಡೋದು? ಹಾಗೆ ನೋಡೋದು ಅನ್ನೋ ಅರ್ಥ ಬಂತು. ನೋಡಿ ಆದ ಮೇಲೆ ಹಾಕ್ತೀಯಲ್ಲ ರೈಟ್ ಗುರುತು, ಅದಕ್ಕೂ ಕೆಲವು ಕಡೆ ಚೆಕ್ ಅಂತಲೇ ಹೆಸರು."

ಆ ರಾತ್ರಿ ಊಟಕ್ಕೆ ಕೂತು ಚೆಕ್ಕಣ್ಣ ಇದನ್ನೆಲ್ಲ ಹೆಂಡತಿಗೂ ಭಾಮೈದನಿಗೂ ಒಪ್ಪಿಸಿದ. ಭಾಮೈದ ಕಾಲೆಳೆಯದೆ ಬಿಟ್ಟಾನೇ? ಮಾರನೆಯ ಬೆಳಗ್ಗೆ ಚಪ್ಪಲಿ ಮೆಟ್ಟುತ್ತಾ "ಮಹಾರಾಜರೇ, ಅಪ್ಪಣೆಯಾದರೆ ಹೊರಡುತ್ತೇನೆ" ಎಂದು ಕೈಮುಗಿದ. ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು. ಆ ಮನೆಯಲ್ಲಿ ಅಂಥ ಬೆಳಗುಗಳೂ ಇದ್ದವು.

ಬೇಸಿಗೆ ಶುರುವಾಗುವ ಹೊತ್ತಿಗೆ ಚೆಕ್ಕಣ್ಣನ ಬಲಗೈಗೆ ಜೋಮು ಬರತೊಡಗಿತು. ಮೊದಮೊದಲು ಮಲಗಿ ಎದ್ದಾಗ ಮಾತ್ರ. ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗದಾಯಿತು. ಹೆಬ್ಬೆರಳು, ತೋರುಬೆರಳು ಎರಡೂ ತನ್ನವಲ್ಲ, ಯಾರದ್ದೋ ಬೆರಳನ್ನು ತಂದು ಅಂಟಿಸಿದ ಹಾಗೆ. ಚಹಾದ ಲೋಟ ಸುಡುತ್ತಿದೆ ಎಂದು ಎಡಗೈ ಹೇಳಿದರೆ ಬಲಗೈಗೆ ಸುದ್ದಿಯೇ ಇಲ್ಲ. ಒಂದು ದಿನ ಅಂಗಿಯ ಗುಂಡಿ ಹಾಕಲು ಪರದಾಡುತ್ತಿದ್ದಾಗ ಹೆಂಡತಿ ನೋಡಿ, "ಏನ್ರೀ ಅದು, ಡಾಕ್ಟ್ರಿಗೆ ತೋರ್ಸಿ" ಎಂದಳು. "ವಯಸ್ಸಾಯ್ತಲ್ಲ ಮಾರಾಯ್ತಿ" ಎಂದು ತೇಲಿಸಿಬಿಟ್ಟ.

ಯಾರ್ಡಿನಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಮಣೆಯಿಂದ ಎಬ್ಬಿಸಿ ಗೇಟಿನ ಬಳಿ ಕೂರಿಸುತ್ತಾರೆ. ಇಷ್ಟು ವರ್ಷ ಚೆಕ್ಕಣ್ಣನಾಗಿದ್ದವನು ಗೇಟಣ್ಣನಾಗುವುದೇ? ಎಡಗೈಯಲ್ಲಿ ಹಿಡಿದು ನೋಡೋಣ ಎಂದು ಒಮ್ಮೆ ಹಿಡಿದ, ರಾಟೆ ತಿರುಗಿಸುವವನು ತಲೆಯೆತ್ತಿ ನೋಡಿದ, ತಕ್ಷಣ ಕೈ ಬದಲಾಯಿಸಿದ. ಮೊದಲ ವಾರ ಭಯವಿತ್ತು. ಹಗ್ಗ ಹಾಯುತ್ತಿದ್ದರೆ ಬೆರಳಿನ ತುದಿಯಲ್ಲಿ ಏನೂ ಇಲ್ಲ, ಗಾಳಿ ಹಿಡಿದ ಹಾಗೆ. ಆಗ ಅವನು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡ. ನನ್ನ ಹಿಂದೆ ಮೀಸೆ ಇದ್ದಾನೆ. ಅವನ ಕೈ ನೆಟ್ಟಗಿದೆ. ನನಗೆ ತಪ್ಪಿದ್ದನ್ನು ಅವನು ಹಿಡಿದೇ ಹಿಡಿಯುತ್ತಾನೆ. ಏರ್ಪಾಡು ಇರುವುದೇ ಅದಕ್ಕಲ್ಲವೇ?

ಈ ಸಮಾಧಾನ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಸ್ವಲ್ಪ ದಿನದಲ್ಲಿ ಭಯವೇ ಹೋಯಿತು. ಮೀಸೆ ಒಂದು ಹಗ್ಗವನ್ನೂ ವಾಪಸು ಕಳಿಸಲಿಲ್ಲ. ಹಾಗಾದರೆ ಹಗ್ಗಗಳೆಲ್ಲ ಸರಿಯಿವೆ ಎಂದಾಯಿತು. ಚೆಕ್ಕಣ್ಣ ಮೊದಲಿಗಿಂತ ಜೋರಾಗಿಯೇ "ಚೆಕ್!" ಎಂದು ಕೂಗತೊಡಗಿದ. ಹೀಗೆ ಕೂಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಅವನ ಜಾಗದಲ್ಲಿ ಕೂತು ನಿಜ ಹೇಳುತ್ತಿದ್ದವರು ನಮ್ಮಲ್ಲಿ ಎಷ್ಟು ಜನ?

ಆ ದಿನಗಳಲ್ಲೇ ಮತ್ತೊಂದು ಸಂಜೆ, ಹಲಗೆಯ ಮುಂದೆ ಕೂತಿದ್ದಾಗ ಅವನು ಕುದುರೆ ಎತ್ತಲು ಹೋಗಿ ಕೈಯಿಂದ ಬೀಳಿಸಿದ. ಎತ್ತಿಕೊಟ್ಟ ಮೇಷ್ಟ್ರನ್ನು, ಅದುವರೆಗೆ ಆಡುತ್ತಿದ್ದ ಮಾತು ಬಿಟ್ಟು, ಇದ್ದಕ್ಕಿದ್ದಂತೆ ಕೇಳಿದ.

"ಮೇಷ್ಟ್ರೇ, ಅವತ್ತು ಹೇಳಿದ್ರಲ್ಲ, ರಾಜನಿಗೆ ಬಂದಾಗ ಕೂಗಬೇಕು ಅಂತ. ಕೂಗಬೇಕಾದೋನಿಗೇ ಅದು ಕಾಣದೆ ಹೋದ್ರೆ?"

"ಕಾಣದೆ ಹೋದ್ರೆ ಕೂಗಲ್ಲ."

"ಆಮೇಲೆ?"

"ಆಮೇಲೇನು? ಇಬ್ಬರಿಗೂ ಗೊತ್ತಾಗಲ್ಲ. ಆಟ ನಡೀತಾ ಇರುತ್ತೆ. ರಾಜನೂ ಆರಾಮಾಗಿ ನಿಂತಿರ್ತಾನೆ."

ಮೇಷ್ಟ್ರು ನಕ್ಕರು. ಚೆಕ್ಕಣ್ಣನಿಗೆ ನಗು ಬರಲಿಲ್ಲ. "ಮತ್ತೆ ಆ ಚೆಕ್‌ಮೇಟ್ ಅಂತಾರಲ್ಲ, ಅದು?" ಎಂದ.

"ಅದೂ ಪರ್ಷಿಯಾದ್ದೇ. ಶಾಹ್ ಮಾತ್. ರಾಜ ಸತ್ತ ಅಂತ ಕೆಲವರು ಅರ್ಥ ಹೇಳ್ತಾರೆ. ಇಲ್ಲ, ರಾಜನಿಗೆ ದಿಕ್ಕು ತೋಚದೆ ಹೋಯ್ತು ಅಂತಷ್ಟೇ ಅಂತಾರೆ ಇನ್ನು ಕೆಲವರು. ನನಗೇನೋ ಎರಡನೇದೇ ಸರಿ ಅನ್ಸುತ್ತೆ. ಹಲಗೆ ಮೇಲೆ ರಾಜನನ್ನ ಯಾರೂ ಹೊಡೆಯಲ್ಲ ನೋಡು. ಹೋಗೋಕೆ ಜಾಗ ಇಲ್ಲ ಅಂತ ಗೊತ್ತಾಗುತ್ತೆ, ಅಷ್ಟೇ."

ಅವತ್ತು ಆಟ ಅರ್ಧಕ್ಕೇ ಬಿಟ್ಟು ಅವನು ಕೆಳಗಿಳಿದ.

ಇದಾಗಿ ಮಳೆ ಬಂದು ಹೋಯಿತು. ಮಳೆ ನಿಂತರೆ ಬಣ್ಣದವರಿಗೆ ಸುಗ್ಗಿ, ಯಾರ್ಡಿನಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಒಂದು ಬೆಳಗ್ಗೆ ಒಂದೇ ಸಮನೆ ಹಗ್ಗಗಳು ಹೊರಗೆ ಹೋದವು. ಅದರಲ್ಲೊಂದು ಜೊತೆ ಚಿಕ್ಕೋನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ. ಮಾರನೆಯ ಬೆಳಗ್ಗೆ ಇನ್ನೊಂದು ಲಾರಿ ಹೋದ ಮೇಲೆ ಚೆಕ್ಕಣ್ಣನೂ ಮೀಸೆಯೂ ಗೇಟಿನಾಚೆಯ ಅಂಗಡಿಯಲ್ಲಿ ಚಹಾಕ್ಕೆ ನಿಂತರು. ಮೀಸೆಗೆ ಅವತ್ತು ಎಂದಿಗಿಂತ ಹುರುಪು.

"ಇಷ್ಟೊಂದು ಹಗ್ಗ ಇಷ್ಟು ಬೇಗ ಹೇಗೆ ಮುಗಿಸ್ದೆಯೋ ಮಾರಾಯಾ?" ಎಂದ ಚೆಕ್ಕಣ್ಣ.

ಮೀಸೆ ಚಹಾ ಊದುತ್ತಾ ಕಣ್ಣು ಹೊಡೆದ. "ಗುಟ್ಟು ಹೇಳ್ಲಾ? ಬಿಳಿ ರೈಟ್ ಕಂಡ್ರೆ ಸಾಕು, ನಾನು ನೀಲಿ ಎಳೆದುಬಿಡ್ತೀನಿ. ನಿನ್ನ ಕೈ ಹಾಯ್ದ ಮೇಲೆ ನಾನ್ಯಾಕೆ ಮತ್ತೆ ಬಟ್ಟೆ ಸವೆಸಲಿ? ನಿನಗೆ ಅವಮಾನ ಮಾಡಿದ ಹಾಗಲ್ವಾ?"

"ಯಾವಾಗಿಂದ?"

"ಅಯ್ಯೋ, ಅದೆಲ್ಲ ಯಾರಿಗೆ ನೆನಪು? ಹೋದ ಚಳಿಗಾಲಕ್ಕೂ ಮುಂಚಿನಿಂದ."

ಮೀಸೆ ಹೊಗಳುತ್ತಿದ್ದ. ಮನಸಾರೆ ಹೊಗಳುತ್ತಿದ್ದ. ಚೆಕ್ಕಣ್ಣನಿಗೆ ಬೇಸಿಗೆಯಿಂದ ಇಲ್ಲಿಯವರೆಗೆ ಗೇಟು ದಾಟಿದ ಹಗ್ಗಗಳೆಲ್ಲ ಕಣ್ಣ ಮುಂದೆ ಬಂದವು. ನನ್ನ ಹಿಂದೆ ಮೀಸೆ ಇದ್ದಾನೆ ಎಂದು ಇವನು, ನನ್ನ ಮುಂದೆ ಚೆಕ್ಕಣ್ಣ ಇದ್ದಾನೆ ಎಂದು ಅವನು. ನಡುವೆ ಹಗ್ಗವನ್ನು ಯಾರೂ ನೋಡಿಯೇ ಇರಲಿಲ್ಲ. ಲೋಟವನ್ನು ಎಲ್ಲಿಟ್ಟನೋ ಅವನಿಗೆ ತಿಳಿಯದು, ರಸ್ತೆಗೆ ಇಳಿದು ಓಡುತ್ತಿದ್ದ. "ಏಯ್, ಏನಾಯ್ತೋ?" ಎಂದು ಮೀಸೆ ಹಿಂದಿನಿಂದ ಕೂಗಿದ್ದು ಕೇಳಿಸಿತು.

ದಾರಿಯುದ್ದಕ್ಕೂ ಭಾಮೈದನಿಗೆ ಫೋನು ಮಾಡಿದ. ಬಣ್ಣದ ಕೈಯೆಂದು ಫೋನನ್ನು ಅಂಗಿಯೊಳಗೆ ಸುತ್ತಿ ಕೆಳಗೇ ಇಟ್ಟು ಹೋಗುವುದು ಅವನ ಅಭ್ಯಾಸ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಚೆಕ್ಕಣ್ಣ ಸೀಟಿನಿಂದ ಎದ್ದು ಎದ್ದು ಕೂತ. ಪಕ್ಕದವರು "ಕೂತ್ಕೊಳ್ರೀ, ನೀವು ಎದ್ರೆ ಬಸ್ ಹೋಗುತ್ತಾ?" ಎಂದು ರೇಗಿದರು. ಹೆಂಡತಿಯ ಮುಖ ಕಣ್ಣಿಂದ ಸರಿಯಲೊಲ್ಲದು. ಅವಳು ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

ಕಟ್ಟಡದ ಕೆಳಗೆ ನಿಂತು ತಲೆಯೆತ್ತಿದರೆ ತೊಟ್ಟಿಲು ತಾರಸಿಗಿಂತ ಎರಡೇ ಮಹಡಿ ಕೆಳಗೆ ತೂಗುತ್ತಿತ್ತು. ಒಳಗೆ ಇಬ್ಬರು. ಕೂಗೋಣ ಎಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಕೂಗಿದರೆ ಗಾಬರಿಯಾಗಿ ಮೋಟರಿನ ಗುಂಡಿ ಒತ್ತುತ್ತಾರೆ. ಮೋಟರು ಜಗ್ಗುವುದು ಹಗ್ಗವನ್ನೇ. ಮೊದಲು ಹಗ್ಗ ನೋಡಬೇಕು. ಕಾವಲಿನವನ ಕೈಹಿಡಿದು ಎಳೆದುಕೊಂಡೇ ಲಿಫ್ಟು ಹತ್ತಿ ತಾರಸಿಗೆ ಹೋದ.

ಎಡಗಡೆಯ ಹಗ್ಗದ ಬಿಲ್ಲೆಯಲ್ಲಿ ಬಿಳಿ ರೈಟ್ ಇತ್ತು, ಪಕ್ಕದಲ್ಲೇ ನೀಲಿ ರೈಟ್ ಇತ್ತು, ಎರಡೂ ಹೊಸದಾಗಿ ಹೊಳೆಯುತ್ತಿದ್ದವು. ಜೇಬಿನ ಕರವಸ್ತ್ರ ಸುತ್ತಿ ಎಡಗೈಯಲ್ಲಿ ಹಿಡಿದು ಕೈ ಎಟುಕುವಷ್ಟು ದೂರ ಸವರಿದ. ಏನೂ ಇಲ್ಲ. ಬಲಗಡೆಯದಕ್ಕೆ ಬಂದ. ತಾರಸಿಯ ತೊಲೆಯನ್ನು ದಾಟಿ ಹಗ್ಗ ಕೆಳಗೆ ಬಾಗುವ ಕಡೆ ಕರವಸ್ತ್ರ ಸಿಕ್ಕಿತು. ಬಿಡಿಸಿ ಸರಿಸಿದ, ಮತ್ತೆ ಸಿಕ್ಕಿತು. ಮತ್ತೆ. ಗ್ರೀಸು ಒರೆಸಿದರೆ ಒಂದು ಗೇಣಿನೊಳಗೆ ತಂತಿಗಳು ಮುಳ್ಳುಹಂದಿಯ ಬೆನ್ನಿನ ಹಾಗೆ ಎದ್ದು ನಿಂತಿದ್ದವು. ಇಂಥದ್ದು ಕುರುಡನಿಗೂ ಸಿಗುತ್ತಿತ್ತು.

"ಕೆಳಗೆ ಅವರು ನಿಂತಿರೋ ಮಹಡಿಗೆ ಹೋಗಿ" ಎಂದು ಕಾವಲಿನವನ ಕಿವಿಯಲ್ಲಿ ಹೇಳಿದ. "ಆ ಮನೆಯೋರ ಕೈಕಾಲು ಹಿಡಿದಾದ್ರೂ ಕಿಟಕಿ ತೆಗೆಸಿ. ಗದ್ದಲ ಮಾಡಬೇಡಿ ಅಪ್ಪಾ, ದಮ್ಮಯ್ಯ." ಕಾವಲಿನವನು ಹಗ್ಗ ನೋಡಿದ, ಎರಡನೇ ಮಾತಾಡದೆ ಓಡಿದ. ಚೆಕ್ಕಣ್ಣ ಗೋಡೆಯಂಚಿಗೆ ಎದೆಯೂರಿ ಕೆಳಗೆ ಬಗ್ಗಿದ.

"ಲೋ ಚಿಕ್ಕೋನೇ."

ಭಾಮೈದ ಮೇಲೆ ನೋಡಿ ಹಲ್ಲುಕಿರಿದ. "ಓಹೋ, ಮಹಾರಾಜರು! ಏನ್ ಭಾವ, ಇಲ್ಲಿ?"

"ಅಕ್ಕ ಊಟ ಕಳಿಸಿದಾಳೆ ಕಣೋ."

"ಇಷ್ಟು ಬೇಗ ಊಟಾನಾ? ತಡೀರಿ, ಮೇಲಕ್ಕೆ ತಗೋತೀನಿ." ಅವನ ಕೈ ಮೋಟರಿನ ಗುಂಡಿಗೆ ಹೋಯಿತು.

"ಬೇಡ!" ದನಿ ಏರಿಬಿಟ್ಟಿತು. ಚೆಕ್ಕಣ್ಣ ಉಸಿರು ಎಳೆದುಕೊಂಡು ಮತ್ತೆ ತಗ್ಗಿಸಿದ. "ಬೇಡಪ್ಪ. ಕರೆಂಟಿಂದು ಏನೋ ತೊಂದರೆ ಇದೆಯಂತೆ, ಮೋಟರ್ ಮುಟ್ಟಬೇಡ. ಕಿಟಕಿ ತೆಗೀತಾರೆ, ನಿಧಾನಕ್ಕೆ ಒಳಗೆ ಹೋಗಿ ಮೆಟ್ಟಿಲಲ್ಲಿ ಬಾ. ಮೊದಲು ಅವರು ಹೋಗ್ಲಿ."

ಭಾಮೈದ ಒಂದು ಗಳಿಗೆ ಭಾವನ ಮುಖವನ್ನೇ ನೋಡಿದ. ಅವನ ನಗು ಹೋಯಿತು. ಬೇರೇನೂ ಕೇಳದೆ ಜೊತೆಗಾರನ ಭುಜ ಮುಟ್ಟಿ ಕಿಟಕಿ ತೋರಿಸಿದ. ಜೊತೆಗಾರ ವಯಸ್ಸಾದ ಬಣ್ಣದವನು. ಬೆಲ್ಟಿನ ಕೊಕ್ಕೆ ಬಿಚ್ಚಿ, ಕಿಟಕಿಯ ಚೌಕಟ್ಟಿಗೆ ಮೊಣಕಾಲೂರಿ, ಗೊಣಗುತ್ತಾ ಒಳಗಿಳಿದ. ಅವನ ಭಾರ ತಪ್ಪಿದ ಕೂಡಲೇ ತೊಟ್ಟಿಲು ಓಲಾಡಿತು. ಚೆಕ್ಕಣ್ಣನ ಎಡಗೈ ಇನ್ನೂ ಹಗ್ಗದ ಮೇಲಿತ್ತು. ಅಂಗೈಯೊಳಗೆ ಒಂದು ತಂತಿ ಟಿಣ್ ಎಂದು ಮುರಿಯಿತು. ಅದರ ಹಿಂದೆಯೇ ಇನ್ನೊಂದು. ತೊಟ್ಟಿಲು ನಿಲ್ಲುವ ಮೊದಲೇ ಭಾಮೈದ ಒಂದು ಕಾಲನ್ನು ಕಿಟಕಿಗೆ ಇಟ್ಟಾಗಿತ್ತು. ಅವನ ಬೆಲ್ಟು ಇನ್ನೂ ತೊಟ್ಟಿಲಿನ ಕಂಬಿಗೇ ಸಿಕ್ಕಿಕೊಂಡಿತ್ತು.

"ಕೊಕ್ಕೆ ಕಣೋ" ಎಂದ ಚೆಕ್ಕಣ್ಣ. ದನಿ ಹೊರಗೆ ಬಂತೋ ಇಲ್ಲವೋ. "ಕೊಕ್ಕೆ ಬಿಚ್ಚು ಮಗನೇ."

ಭಾಮೈದ ಬಗ್ಗಿ ಕೊಕ್ಕೆ ಬಿಚ್ಚಿದ. ಒಳಗಿನಿಂದ ಎರಡು ಕೈ ಬಂದು ಅವನ ಅಂಗಿ ಹಿಡಿದವು. ಅವನು ಒಳಗೆ ಹೋದ.

ಚೆಕ್ಕಣ್ಣ ಗೋಡೆಯ ಪಕ್ಕದಲ್ಲೇ ಕುಸಿದು ಕೂತು ಗಳಗಳ ಅತ್ತ. ಭಾಮೈದ ಮೆಟ್ಟಿಲು ಹತ್ತಿ ಬಂದು, ಹಗ್ಗ ನೋಡಿ, ಎದ್ದು ನಿಂತ ತಂತಿಗಳ ಮೇಲೆ ಬೆರಳಾಡಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತ. 

"ಭಾವ, ಬಿಲ್ಲೆ ಮೇಲೆ ನಿಮ್ಮ ರೈಟ್ ಇದೆ."

"ಇದೆ."

"ನೋಡಿ ಹಾಕಿದ್ದಾ?"

ಚೆಕ್ಕಣ್ಣ ಬಲಗೈಯನ್ನು ಅವನ ಮುಂದೆ ಚಾಚಿದ. "ಬೇಸಿಗೆಯಿಂದ ಈ ಎರಡು ಬೆರಳಿಗೆ ಏನೂ ತಿಳೀತಿಲ್ಲ ಕಣೋ. ಮೀಸೆ ನೋಡ್ತಾನೆ ಅಂದ್ಕೊಂಡೆ. ಅವನೂ ನೋಡಿಲ್ಲ."

ಭಾಮೈದ ಆ ಬೆರಳುಗಳನ್ನು ಹಿಡಿದು ಒತ್ತಿದ. ಬೇಕೆಂದೇ ಉಗುರಿನಿಂದ ಗಟ್ಟಿಯಾಗಿ ಒತ್ತಿದ. ಚೆಕ್ಕಣ್ಣನ ಮುಖದಲ್ಲಿ ಏನೂ ಕಾಣಲಿಲ್ಲ. ಭಾಮೈದ ಕೈ ಬಿಟ್ಟು, "ಅಕ್ಕನಿಗೆ ಗೊತ್ತಾ?" ಎಂದ. ಭಾವ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಭಾಮೈದ ನಿಧಾನಕ್ಕೆ, ಈಗ ತಾನೇ ಹೊಳೆದವನ ಹಾಗೆ, "ಹಾಗಾದ್ರೆ ಬೇರೆ ಹಗ್ಗ?" ಎಂದು ಕೇಳಿದ.

ಬೇರೆ ಹಗ್ಗ. ಇಬ್ಬರೂ ಎದ್ದು ನಿಂತು ಸುತ್ತ ನೋಡಿದರು. ಬಿಸಿಲು ಚೆನ್ನಾಗಿತ್ತು, ಬಣ್ಣ ಒಣಗುವುದಕ್ಕೆ ಹೇಳಿ ಮಾಡಿಸಿದ ಬಿಸಿಲು. ಕಣ್ಣು ಹಾಯುವಷ್ಟು ದೂರ ಕಟ್ಟಡಗಳು, ಅಲ್ಲೊಂದು ಇಲ್ಲೊಂದು ಗೋಡೆಗೆ ಅಂಟಿಕೊಂಡ ತೊಟ್ಟಿಲು, ಒಳಗೆ ಚುಕ್ಕಿಯಷ್ಟು ಜನ. ಯಾವುದು ತಮ್ಮ ಯಾರ್ಡಿನದು, ಯಾವುದು ಅಲ್ಲ ಎಂದು ಇಲ್ಲಿಂದ ಹೇಳುವುದು ಹೇಗೆ? ಚೆಕ್ಕಣ್ಣ ಯಜಮಾನರಿಗೆ ಫೋನು ಮಾಡಿ, ತಡವರಿಸುತ್ತಾ, ಎಲ್ಲ ಹೇಳಿದ. ಏನನ್ನೂ ಬಿಡಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯಾ?" ಎಂದರು ಯಜಮಾನರು. "ಈಗ ಎಲ್ಲರನ್ನೂ ಕೆಳಗಿಳಿಸಿ ಅಂದ್ರೆ ನಾಳೆಯಿಂದ ನನ್ನ ಮುಖ ಯಾರು ನೋಡ್ತಾರೆ? ಸಂಜೆ ಹೇಗೂ ಇಳೀತಾರೆ, ಆವಾಗ ನೋಡೋಣ. ಮೀಸೆನೂ ಚೆಕ್ ಮಾಡಿದಾನಲ್ಲಪ್ಪಾ." 

"ಅವನೂ ಮಾಡಿಲ್ಲ ಸ್ವಾಮೀ, ಅದನ್ನೇ ಹೇಳ್ತಾ ಇರೋದು" ಎನ್ನುವಷ್ಟರಲ್ಲಿ ಅವರು ಫೋನಿಟ್ಟಿದ್ದರು.

ಭಾಮೈದ ಆಗಲೇ ಮೆಟ್ಟಿಲ ಕಡೆ ನಡೆದಿದ್ದ. ಬಾಗಿಲಲ್ಲಿ ನಿಂತು ತಿರುಗಿ ನೋಡದೆ, "ಬನ್ನಿ" ಎಂದ. ಎಂದೂ ಭಾವ ಎಂದು ಸೇರಿಸದೆ ಕರೆದವನಲ್ಲ.

ಎರಡು ಬೀದಿಯಾಚೆಯ ಕಟ್ಟಡಕ್ಕೆ ಇಬ್ಬರೂ ಓಡಿದರು. ಅಲ್ಲಿಯ ಹಗ್ಗ ಹೋದ ವಾರ ಚೆಕ್ಕಣ್ಣನ ಮಣೆಯ ಮುಂದೆ ಹಾಯ್ದು ಹೋದದ್ದು, ಅದು ಅವನಿಗೆ ಖಂಡಿತ ನೆನಪಿತ್ತು. ಗೇಟಿನವನು ಭಾಮೈದನನ್ನು ತಡೆದ. ಯಾರನ್ನು ಕೇಳಿ ಒಳಗೆ ಹೋಗ್ತೀಯ, ಚೀಟಿ ಎಲ್ಲಿ ಎಂದು ಜಗಳಕ್ಕೇ ನಿಂತ. ಚೆಕ್ಕಣ್ಣ ರಸ್ತೆಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ ಬೀಸಿದ. ಹಿಂದೆ ಗಾಡಿಗಳು ಹಾರನ್ನು ಹೊಡೆಯುತ್ತಿದ್ದವು. ಅವನು ಕೂಗುತ್ತಿದ್ದುದು ಅವನಿಗೇ ಕೇಳಿಸುತ್ತಿರಲಿಲ್ಲ.

ತುಂಬಾ ಮೇಲೆ, ತೊಟ್ಟಿಲಿನಲ್ಲಿದ್ದವರಲ್ಲಿ ಒಬ್ಬ ಕೆಳಗೆ ನೋಡಿದ. ಹಗ್ಗ ಒಯ್ಯಲು ಯಾರ್ಡಿಗೆ ಬಂದು ಹೋಗುವವನು, ಚೆಕ್ಕಣ್ಣನ ಗುರುತು ಹಿಡಿದ. ಜೊತೆಗಾರನ ತೋಳು ತಟ್ಟಿ, ನೋಡು ಯಾರು ಬಂದಿದ್ದಾರೆ ಎಂದು ತೋರಿಸಿದ. ಇಬ್ಬರೂ ಖುಷಿಯಾಗಿ ಕೈ ಬೀಸಿದರು. ಚೆಕ್ಕಣ್ಣ ಬೇಡ ಬೇಡ ಎಂದು ಕೈಯಾಡಿಸಿದಷ್ಟೂ ಅವರು ಇನ್ನೂ ಜೋರಾಗಿ ಬೀಸಿದರು. ಕೊನೆಗೆ ಒಬ್ಬ ಹಗ್ಗವನ್ನು ಅಂಗೈಯಿಂದ ತಟ್ಟಿ, ಗಟ್ಟಿಯಾಗಿದೆ ಎಂದು ತಲೆಯಾಡಿಸಿ, ಗುಂಡಿ ಒತ್ತಿದ. ತೊಟ್ಟಿಲು ಮೇಲಕ್ಕೆ ಹೊರಟಿತು.